ಎಲ್ಲೆಯಿಲ್ಲದ ಲೋಕದಲ್ಲಿ ಒಂದು ಕಂದಕದ ತಕರಾರು

ನನಗೆ ಯಾರಾದರೂ ದಾರಿ ತೋರಿಸಿದರೆ ಮೈ ಉರಿಯುತ್ತದೆ. ಇದಕ್ಕೆ ಸ್ವಾತಂತ್ರ್ಯಪ್ರೇಮ ಎಂದು ನಾನೇ ಹೆಸರಿಟ್ಟುಕೊಂಡಿದ್ದೇನೆ. ನನ್ನ ಹೆಂಡತಿ ಸುಶೀಲ ಮದುವೆಯಾದ ವಾರದಿಂದಲೂ ಇದನ್ನು ಮೊಂಡುತನ ಎನ್ನುತ್ತಾಳೆ. ಒಮ್ಮೆ ಹುಣಸೂರಿನ ಬಸ್ ನಿಲ್ದಾಣದಲ್ಲಿ ಪಿರಿಯಾಪಟ್ಟಣದ ಬಸ್ಸು ಯಾವುದೆಂದು ಕೇಳಲು ಮನಸ್ಸು ಬಾರದೆ, ಬೋರ್ಡಿಲ್ಲದ ಬಸ್ಸೊಂದನ್ನು ಧೈರ್ಯವಾಗಿ ಹತ್ತಿ ಕುಳಿತೆ. ಅದು ಎಚ್.ಡಿ. ಕೋಟೆಯ ಬಸ್ಸು. ಕಂಡಕ್ಟರ್ ‘ಎಲ್ಲಿಗೆ?’ ಎಂದಾಗ ಇಳಿದುಬಿಟ್ಟಿದ್ದರೆ ಮುಗಿಯುತ್ತಿತ್ತು. ನಾನು ಗಂಭೀರವಾಗಿ ‘ಕೋಟೆಗೆ’ ಎಂದು ಟಿಕೆಟ್ ತೆಗೆದುಕೊಂಡು, ಕೋಟೆಗೆ ಹೋಗಿ, ಒಂದು ಟೀ ಕುಡಿದು, ಬೇಕೆಂದೇ ಬಂದವನಂತೆ ಅದೇ ಬಸ್ಸಿನಲ್ಲಿ ವಾಪಸ್ ಬಂದೆ. ಪಿರಿಯಾಪಟ್ಟಣದಲ್ಲಿ ಆ ದಿನ ಬದುವಿನ ಜಗಳದ ಅಣ್ಣತಮ್ಮಂದಿರಿಬ್ಬರು ನನಗಾಗಿ ಕಾದಿದ್ದರು. ನಾನು ಬಾರದ ಬೇಸರಕ್ಕೆ ಅವರವರೇ ಮಾತಾಡಿಕೊಂಡು ರಾಜಿಯಾಗಿಬಿಟ್ಟರಂತೆ. ನನ್ನ ಸೇವಾವಧಿಯಲ್ಲಿ ಅಷ್ಟು ಸುಸೂತ್ರವಾಗಿ ಬಗೆಹರಿದ ತಕರಾರು ಇನ್ನೊಂದಿಲ್ಲ.

ಸೇವೆ ಯಾವುದೆಂದು ಹೇಳಲಿಲ್ಲ ಅಲ್ಲವೆ? ನಾನು ಜಮೀನು ಅಳೆಯುವ ಸರ್ವೆಯರ್. ಸರಪಳಿ ಹಿಡಿದು ಇಪ್ಪತ್ತೆರಡು ವರ್ಷ ಬದುಗಳ ಮೇಲೆ ನಡೆದವನು. ಬದು ಎನ್ನುವುದು ಒಂದು ಕಡೆ ಇರುವ ವಸ್ತುವಲ್ಲ, ನಡೆಯುವ ವಸ್ತು ಎಂದು ನಮ್ಮ ಕಸುಬಿನವರಿಗೆಲ್ಲ ಗೊತ್ತು. ಪ್ರತಿವರ್ಷ ಉಳುಮೆಯಲ್ಲಿ ಅದು ಒಂದು ಸಾಲು ಪಕ್ಕದವನ ಕಡೆಗೆ ಹೋಗಿರುತ್ತದೆ. ಕೇಳಿದರೆ ‘ಎತ್ತು ಎಳ್ಕಂಡೋಯ್ತು ಸ್ವಾಮಿ’ ಎನ್ನುತ್ತಾರೆ. ಟ್ರ್ಯಾಕ್ಟರಿನಲ್ಲಿ ಉಳುವ ಕಾಲ ಬಂದ ಮೇಲೂ ತಪ್ಪು ಎತ್ತಿನದೇ. ನಾನು ಅಳೆದು ಕಲ್ಲು ನೆಡುತ್ತೇನೆ. ಗೆದ್ದವನು ಇನ್ನೂ ಒಂದಡಿ ಬರಬೇಕಿತ್ತು ಎಂದು ಬೈಯುತ್ತಾನೆ, ಸೋತವನು ಸರಪಳಿಯೇ ಸರಿಯಿಲ್ಲ ಎಂದು ಬೈಯುತ್ತಾನೆ. ಒಂದೇ ಒಂದು ಬದುವೂ ಇಲ್ಲದ ಜಾಗದಲ್ಲಿ ಒಂದು ವಾರ ಇದ್ದು ಬರಬೇಕೆಂಬ ಆಸೆ ನನಗೆ ಬಹಳ ಕಾಲದಿಂದ ಇತ್ತು.

ನಮ್ಮೂರು ಕಾಕನಕೋಟೆ ಕಾಡಿನ ಅಂಚಿಗೆ. ಎಲ್ಲ ಬೆದ್ದಲು, ಅಂದರೆ ಮಳೆಯನ್ನೇ ನಂಬಿದ ಹೊಲ. ನಮ್ಮಪ್ಪ ಬೆಳಗ್ಗೆ ಎದ್ದು ಆಕಾಶ ನೋಡಿ, ಆ ಕ್ಷಣಕ್ಕೆ ಏನು ತೋಚಿತೋ ಅದನ್ನು ಬಿತ್ತುತ್ತಿದ್ದರು. ಒಂದು ವರ್ಷ ರಾಗಿ, ಒಂದು ವರ್ಷ ಹುರುಳಿ, ಒಂದು ವರ್ಷ ಏನೂ ಇಲ್ಲ. ಸುಶೀಲಳ ತವರು ಕೆ.ಆರ್. ನಗರದ ಕಡೆ, ಚುಂಚನಕಟ್ಟೆಯ ನಾಲೆ ಬಯಲಲ್ಲಿ. ಅಲ್ಲಿ ನಾಲೆಗೆ ನೀರು ಬಿಟ್ಟಾಗ ಊರಿಗೆ ಊರೇ ಒಟ್ಟಿಗೆ ಗದ್ದೆಗೆ ಇಳಿಯುತ್ತದೆ, ಒಟ್ಟಿಗೆ ನಾಟಿ, ಒಟ್ಟಿಗೆ ಕಳೆ, ಒಟ್ಟಿಗೆ ಕುಯ್ಲು. ಯಾರ ಗದ್ದೆಗೆ ಯಾವ ದಿನ ನೀರು ಎಂಬುದನ್ನು ನೀರುಗಂಟಿ ಎಂಬ ಒಬ್ಬ ಮನುಷ್ಯ ಹೇಳುತ್ತಾನೆ, ಅವನು ಹೇಳಿದ ಮೇಲೆ ಮುಗಿಯಿತು. ಹೆಣ್ಣು ನೋಡಲು ಹೋದಾಗ ನನ್ನ ಮಾವನವರು ‘ನಿಮ್ಮ ಕಡೆ ಬಿತ್ತನೆ ಯಾವಾಗ?’ ಎಂದು ಕೇಳಿದರು. ನಮ್ಮಪ್ಪ ‘ಮಳೆ ಬಂದಾಗ’ ಎಂದರು. ‘ಮಳೆ ಯಾವಾಗ ಬತ್ತದೆ?’ ‘ಅದ್ಕೆ ಮನಸ್ಸು ಬಂದಾಗ.’ ಮಾವನವರು ಒಳಗೆ ಹೋಗಿ ಅತ್ತೆಯವರ ಹತ್ತಿರ ಬಹಳ ಹೊತ್ತು ಮಾತಾಡಿದರು. ಸರ್ಕಾರಿ ನೌಕರಿ ಇಲ್ಲದಿದ್ದರೆ ಆ ಸಂಬಂಧ ಅಲ್ಲಿಗೇ ನಿಂತಿತ್ತು.

ನಾವಿದ್ದ ಹುಣಸೂರಿಗೆ ಆಗಷ್ಟೇ ಬ್ರಾಡ್‌ಬ್ಯಾಂಡ್ ಬಂದಿತ್ತು. ಸುಶೀಲಳ ತಮ್ಮ ಪುಟ್ಟರಾಜು ಕೆ.ಆರ್. ನಗರದಲ್ಲಿ ಕಂಪ್ಯೂಟರ್ ಕಲಿಸುವ ಅಂಗಡಿ ಇಟ್ಟಿದ್ದ. ಹೊಸ ಯಂತ್ರಗಳನ್ನು ತರಿಸಿ ಹಳೆಯದೊಂದನ್ನು ನಮ್ಮ ಮನೆಗೆ ತಂದು ಕೂರಿಸಿದ. ನಾವಿಬ್ಬರೂ ಅದರ ಮುಂದೆ ಏನು ಮಾಡಬೇಕೆಂದು ತೋಚದೆ ಕುಳಿತಿದ್ದನ್ನು ನೋಡಿ, ಇಂಟರ್‌ನೆಟ್ಟಿನಲ್ಲಿ ದೇಶವಿದೇಶದವರೆಲ್ಲ ಸೇರಿ ಆಡುವ ಎರಡು ಆಟ ಹಾಕಿಕೊಟ್ಟ. ಎರಡರಲ್ಲೂ ನಮಗೊಂದು ಗೊಂಬೆ ವೇಷ ಕೊಡುತ್ತಾರೆ, ಆ ವೇಷದಲ್ಲಿ ನಾವು ಒಂದು ಲೋಕದೊಳಗೆ ಓಡಾಡಬೇಕು. ‘ಇದ್ರಲ್ಲಿ ಬಾಣ ಬತ್ತದೆ ಭಾವ, ಅದು ಏಳ್ದಂಗೆ ಓಯ್ತಾ ಇದ್ರೆ ಸಾಕು. ಇನ್ನೊಂದ್ರಲ್ಲಿ ಏನೂ ಇಲ್ಲ. ಎಲ್ಲಿಗಾರ ಓಗ್ಬೋದು, ಏನಾರ ಮಾಡ್ಬೋದು, ಕೇಳೋರಿಲ್ಲ’ ಎಂದ. ಕೇಳುವವರಿಲ್ಲ ಎಂಬ ಮಾತು ಕಿವಿಗೆ ಬಿದ್ದದ್ದೇ ತಡ, ಎರಡನೆಯದು ನನಗೆ ಎಂದು ಕೈಯೆತ್ತಿದೆ. ಸುಶೀಲ ತಾನಾಗಿಯೇ ಬಾಣದ ಆಟಕ್ಕೆ ಹೋದಳು. ಯಂತ್ರ ಒಂದೇ ಆದ್ದರಿಂದ ಬೆಳಗ್ಗೆ ಆಫೀಸಿಗೆ ಹೊರಡುವ ಮುಂಚೆ ನನ್ನ ಪಾಳಿ, ಮಧ್ಯಾಹ್ನ ಊಟವಾದ ಮೇಲೆ ಅವಳ ಪಾಳಿ ಎಂದಾಯಿತು.

ಅವಳ ಆಟ ನೋಡಿದರೆ ನನಗೆ ನಗು ಬರುತ್ತಿತ್ತು. ತಲೆಯ ಮೇಲೆ ಒಂದು ಹಳದಿ ಬಾಣ. ಅದು ತೋರಿಸಿದ ಕಡೆ ಹೋದರೆ ಒಬ್ಬ ಗಡ್ಡದವನು ನಿಂತಿರುತ್ತಾನೆ, ‘ಹತ್ತು ಹಂದಿ ಹೊಡೆದು ಬಾ’ ಎನ್ನುತ್ತಾನೆ. ಹತ್ತು ಹೊಡೆದು ಬಂದರೆ ಒಂದು ಮೆಟ್ಟಿಲು ಮೇಲೆ. ಬಾಣ ಆಗ ಒಬ್ಬ ಮುದುಕಿಯ ಕಡೆ ತಿರುಗುತ್ತದೆ, ಅವಳಿಗೆ ಐದು ಬೇರು ಬೇಕು. ಒಂದು ದಿನ ಸುಶೀಲ ಹನ್ನೊಂದು ಹಂದಿ ಹೊಡೆದು, ಒಂದು ಜಾಸ್ತಿಯಾಯಿತಲ್ಲ, ಏನಾದರೂ ತೊಂದರೆಯಾದೀತೇ ಎಂದು ನನ್ನನ್ನು ಕೇಳಿದಳು. ‘ಅಲ್ಲ ಕಣೇ, ಅಷ್ಟು ದೊಡ್ಡ ಲೋಕದಲ್ಲಿ ಒಂದು ದಿನವಾದರೂ ಬಾಣ ಬಿಟ್ಟು ಬೇರೆ ಕಡೆ ಹೋಗಿದ್ದೀಯಾ? ಕಟ್ಟಿಕೊಟ್ಟ ಬುತ್ತಿ, ಹೇಳಿಕೊಟ್ಟ ಮಾತು ಎಷ್ಟು ದಿನ ಬಂದೀತು?’ ಎಂದೆ. ಅವಳು ತಲೆಯೆತ್ತದೆ, ‘ಬುತ್ತಿ ಉಂಡೋರು ಊರು ಸೇರ್ಕಂಡ್ರು ಬುಡಿ. ನೀವೆಲ್ಲಿದ್ದೀರಿ ಈಗ?’ ಎಂದಳು.

ನಾನೆಲ್ಲಿದ್ದೆ ಎಂದು ಹೇಳಲು ನಾಚಿಕೆಯಾಗುತ್ತದೆ. ಎಲ್ಲಿಗಾದರೂ ಹೋಗಬಹುದಾದ ಲೋಕದಲ್ಲಿ ಮೊದಲ ದಿನ ನಾನು ನೇರವಾಗಿ ಸಮುದ್ರದೊಳಕ್ಕೆ ನಡೆದು ಮುಳುಗಿ ಸತ್ತೆ. ಎರಡನೆಯ ದಿನ ತೋಳ ಹಿಡಿಯಿತು. ಮೂರನೆಯ ದಿನ ಕಂಡ ಹಣ್ಣು ತಿಂದು ಸತ್ತೆ. ಸತ್ತರೂ ಮತ್ತೆ ಅದೇ ಮರಳಿನ ಮೇಲೆ ಎದ್ದು ಕೂರುವ ಅನುಕೂಲ ಇತ್ತು. ಮೂರು ವಾರ ಹೀಗೆ ಸ್ವತಂತ್ರವಾಗಿ ಸತ್ತು ಸಾಕಾಗಿ, ಕಾಡಿನ ಅಂಚಿಗೆ ಒಂದು ಜಾಗ ನೋಡಿ ನಾಲ್ಕು ಗೂಟ ಹೊಡೆದೆ. ಅಲ್ಲಿಯ ಕಾನೂನು ಅಷ್ಟೇ: ಗೂಟದೊಳಗಿನದು ನಿಮ್ಮದು, ಹೊರಗಿನದು ಎಲ್ಲರದು. ಗುಡಿಸಲು ಕಟ್ಟಿದೆ. ಕಟ್ಟಿದ ಮೇಲೆ, ಕಾಡಿನ ಅಂಚಿನಲ್ಲಿ ಹುಟ್ಟಿದವನು ಗುಡಿಸಲು ಕಟ್ಟಿ ಏನು ಮಾಡುತ್ತಾನೋ ಅದನ್ನೇ ಮಾಡಿದೆ. ಸುತ್ತ ಆನೆ ಕಂದಕ ತೋಡಲು ಶುರುಮಾಡಿದೆ.

ನಮ್ಮ ಕಡೆ ಮನೆ ಎಂದರೆ ಮೊದಲು ಯೋಚನೆ ಬರುವುದೇ ಆನೆಯದು. ಬಾಗಿಲು ಎತ್ತ ಇಡಬೇಕು, ಹಲಸಿನ ಮರ ಇರಲೋ ಬೇಡವೋ, ಎಲ್ಲ ಆನೆಯನ್ನು ಕೇಳಿಕೊಂಡೇ. ಹಾಗಾಗಿ ದಿನಾ ಬೆಳಗ್ಗೆ ಒಂದು ಗಂಟೆ, ಮೌಸು ಒಮ್ಮೆ ಒತ್ತಿದರೆ ಒಂದು ಬುಟ್ಟಿ ಮಣ್ಣಿನಂತೆ, ಐದು ತಿಂಗಳು ತೋಡಿದೆ. ಆಳ ಎರಡಾಳು, ಅಗಲ ಆನೆ ದಾಟದಷ್ಟು, ಸುತ್ತಿ ಬಂದ ಅದರ ಮೇಲಿನ ಮೂಲೆ ಬೆಟ್ಟದ ತೊರೆಯ ಪಕ್ಕಕ್ಕೆ, ಕೆಳಗಿನ ಮೂಲೆ ಬಯಲಿನ ಅಂಚಿಗೆ. ಮುಗಿಯುವ ಹೊತ್ತಿಗೆ ದಾರಿಹೋಕನೊಬ್ಬ ನಿಂತು ನೋಡಿದ. ಮಾರೆಕ್ ಎಂದು ಅವನ ಹೆಸರು, ಪೋಲೆಂಡಿನವನು. ಅವನ ಇಂಗ್ಲಿಷೂ ನನ್ನ ಇಂಗ್ಲಿಷೂ ಒಂದೇ ಸ್ಕೂಲಿನಲ್ಲಿ ನಪಾಸಾದಂತಿದ್ದುದರಿಂದ ಚೆನ್ನಾಗಿ ಹೊಂದಿಕೊಂಡವು. ಯಾಕೆ ಈ ಗುಂಡಿ ಎಂದು ಕೇಳಿದ. ಆನೆಗೆ ಎಂದೆ. ಈ ಆಟದಲ್ಲಿ ಆನೆಯೇ ಇಲ್ಲವಲ್ಲ ಎಂದ. ನಾನು ಇನ್ನೊಂದು ಬುಟ್ಟಿ ಮಣ್ಣೆತ್ತಿ ಹಾಕಿ, ‘ಈಗ ಇಲ್ಲ’ ಎಂದು ಬರೆದೆ.

ನಗುವವರು ನಗಲಿ. ಆದರೆ ಒಂದು ಮಾತು ನಿಜವಾಗಿ ಹೇಳುತ್ತೇನೆ. ಓದಿದ್ದು ಅಪ್ಪ ಹೇಳಿದ್ದನ್ನು, ಸೇರಿದ್ದು ಯಾರೋ ತುಂಬಿಕೊಟ್ಟ ಅರ್ಜಿಯಿಂದ ಸಿಕ್ಕ ಕೆಲಸಕ್ಕೆ, ನಡೆದದ್ದು ಮೇಲಿನವರು ಕೊಟ್ಟ ನಕ್ಷೆಯ ಗೆರೆಯ ಮೇಲೆ. ಯಾರೂ ಹೇಳದೆ, ಯಾರನ್ನೂ ಕೇಳದೆ, ಶುರುವಿನಿಂದ ಕಡೆಯತನಕ ನಾನೊಬ್ಬನೇ ಮಾಡಿದ ಕೆಲಸ ಅಂತ ಈ ಜನ್ಮದಲ್ಲಿ ಇದ್ದದ್ದು ಆ ಕಂದಕ ಒಂದೇ. ಆಫೀಸಿನಲ್ಲಿ ಬೈಸಿಕೊಂಡ ದಿನ ಅದನ್ನು ನೆನೆದರೆ ಮನಸ್ಸು ತಣ್ಣಗಾಗುತ್ತಿತ್ತು.

ಹೀಗಿರುವಾಗ ಒಂದು ಶನಿವಾರ ಮಧ್ಯಾಹ್ನ ಮನೆಗೆ ಬಂದರೆ ಸುಶೀಲ ಪರದೆಯ ಮುಂದೆ ಕೈ ಕಟ್ಟಿ ಕುಳಿತಿದ್ದಳು. ‘ಬಾಣ ಓಯ್ತು ಕಣ್ರೀ’ ಎಂದಳು. ಅರವತ್ತೂ ಮೆಟ್ಟಿಲು ಮುಗಿದಿದ್ದವು. ‘ಅಭಿನಂದನೆ ಅಂದ್ರು, ಪಟಾಕಿ ಒಡುದ್ರು, ಆಮೇಲೆ ಬಾಣ ತಗುದ್ಬುಟ್ರು. ಅರ್ಧ ಗಂಟೆಯಿಂದ ಇಲ್ಲೇ ನಿಂತಿವ್ನಿ. ಆ ಗಡ್ಡದೋನೂ ಮಾತಾಡಲ್ಲ.’ ಅವಳ ಮುಖ ನೋಡಿ ನನಗೆ ಅಯ್ಯೋ ಅನ್ನಿಸಿತು. ಅನ್ನಿಸಿದ್ದರ ಜೊತೆಗೇ ಒಳಗೊಳಗೆ ಖುಷಿಯೂ ಆಯಿತು ಎಂಬುದನ್ನು ಮುಚ್ಚಿಡುವುದಿಲ್ಲ. ‘ನಮ್ಮ ಲೋಕಕ್ಕೆ ಬಾ. ಮೊದಲು ಗಾಬರಿಯಾಗುತ್ತೆ. ಸ್ವಾತಂತ್ರ್ಯ ಅಂದರೆ ಅಭ್ಯಾಸವಿಲ್ಲದವರಿಗೆ ಹಾಗೇ’ ಎಂದು ಕಾಲು ಗಂಟೆ ಭಾಷಣ ಮಾಡಿದೆ. ಅವಳು ವಿನಯದಿಂದ ಕೇಳಿ, ಒಂದೇ ಪ್ರಶ್ನೆ ಹಾಕಿದಳು: ‘ಅಲ್ಲಿ ನೀರು ಯಾವ ಕಡೀಕೆ ಅರೀತದೆ?’ ಎಂಟು ತಿಂಗಳಿಂದ ಅಲ್ಲಿ ಇದ್ದವನು ನಾನು. ಅದನ್ನು ನೋಡಿರಲಿಲ್ಲ.

ಅವಳು ಸಮುದ್ರದಲ್ಲಿ ಮುಳುಗಲಿಲ್ಲ, ತೋಳದ ಬಾಯಿಗೆ ಬೀಳಲಿಲ್ಲ, ಸಿಕ್ಕಿದ ಹಣ್ಣು ತಿನ್ನಲಿಲ್ಲ. ತೊರೆಯ ಜಾಡು ಹಿಡಿದು ಮೇಲಕ್ಕೆ ಹೋಗಿ, ಇಳಿಜಾರು ನೋಡಿಕೊಂಡು ಕೆಳಕ್ಕೆ ಬಂದು, ಬಯಲಲ್ಲಿ ಗೂಟ ಹೊಡೆದಳು. ನಾಲ್ಕನೆಯ ದಿನ ಬೆಳಗ್ಗೆ ನನ್ನ ಪಾಳಿಯಲ್ಲಿ ಗುಡಿಸಲಿನಿಂದ ಹೊರಗೆ ಬಂದು ನೋಡುತ್ತೇನೆ, ಆನೆ ಕಂದಕದ ತುಂಬ ನೀರು ಝುಳುಝುಳು ಹರಿಯುತ್ತಿದೆ. ತೊರೆಯ ಬಾಯಿಗೆ ಹಲಗೆಯ ತೂಬು ಕೂರಿಸಿದೆ. ಕೆಳಗೆ ಬಯಲಲ್ಲಿ ಅವಳ ಗದ್ದೆ ಕನ್ನಡಿಯಂತೆ ಹೊಳೆಯುತ್ತಿದೆ. ಎದ್ದು ಅಡುಗೆಮನೆಗೆ ಹೋಗಿ ‘ಏನೇ ಇದು ನನ್ನ ಕಂದಕದಲ್ಲಿ?’ ಎಂದರೆ, ದೋಸೆ ಮಗುಚುತ್ತಾ, ‘ಅಷ್ಟುದ್ದ ನಾಲೆ ತೋಡಿಟ್ಕಂಡು ನೀರೇ ಬುಟ್ಟಿರ್ಲಿಲ್ವಲ್ರೀ! ನೋಡಿ ಒಟ್ಟೆ ಉರುದೋಯ್ತು ನಂಗೆ’ ಎಂದಳು.

ಅವಳ ಹೊಟ್ಟೆಯುರಿ ಏನು, ನನ್ನ ಹೊಟ್ಟೆಯುರಿ ಕೇಳಿ. ಐದು ತಿಂಗಳ ನನ್ನ ಗುದ್ದಲಿ ಕೆಲಸ ಒಂದು ಮಧ್ಯಾಹ್ನದಲ್ಲಿ ಅವಳ ನಾಲೆಯಾಗಿಹೋಗಿತ್ತು. ಅದು ನಾಲೆಯಾದರೆ ನನ್ನದು ಅನ್ನುವುದು ಆ ಲೋಕದಲ್ಲಿ ಏನೂ ಉಳಿಯುವುದಿಲ್ಲ, ಈ ಲೋಕದಲ್ಲಿ ಮೊದಲೇ ಇರಲಿಲ್ಲ. ವಾಪಸ್ ಬಂದು ತೂಬಿಗೆ ಮಣ್ಣು ತುಂಬಿ ಆಫೀಸಿಗೆ ಹೋದೆ. ಮರುದಿನ ಬೆಳಗ್ಗೆ ನೋಡಿದರೆ ಮಣ್ಣು ಎತ್ತಿ ಹಾಕಿದೆ, ನೀರು ಹರಿಯುತ್ತಿದೆ. ಮತ್ತೆ ಮುಚ್ಚಿದೆ. ಮತ್ತೆ ತೆಗೆದಳು. ಬೆಳಗ್ಗೆ ನಾನು ಮುಚ್ಚುವುದು, ಮಧ್ಯಾಹ್ನ ಅವಳು ತೆಗೆಯುವುದು, ಹೀಗೆ ಎರಡು ವಾರ ನಡೆಯಿತು. ಮನೆಯಲ್ಲಿ ಮಾತ್ರ ಇದರ ಸುದ್ದಿಯೇ ಇಲ್ಲ. ಬದುವಿನ ಜಗಳದವರು ಮದುವೆ ಮನೆಯಲ್ಲಿ ಎದುರಾದಾಗ ಮಳೆಬೆಳೆ ವಿಚಾರಿಸುತ್ತಾರಲ್ಲ, ಹಾಗೆ ಅವಳದು ‘ಸಾರಿಗೆ ಉಪ್ಪು ಸಾಕಾ?’, ನನ್ನದು ‘ಸಾಕು.’ ಸಾಕಾಗಿರಲಿಲ್ಲ, ಆದರೆ ಆ ಪರಿಸ್ಥಿತಿಯಲ್ಲಿ ಇನ್ನಷ್ಟು ಉಪ್ಪು ಕೇಳುವುದು ಸೋಲು ಒಪ್ಪಿಕೊಂಡಂತೆ ಎಂದು ಚಪ್ಪೆಯಾಗಿಯೇ ಉಂಡೆ. ಅವಳು ಅಲ್ಲಿ ‘ನಾಲೆ. ಮುಚ್ಚಬಾರದು’ ಎಂದು ಇಂಗ್ಲಿಷಿನಲ್ಲಿ ಬೋರ್ಡು ನೆಟ್ಟಳು. ನಾನು ಅದರ ಎದುರಿಗೆ ‘ಖಾಸಗಿ ಕಂದಕ’ ಎಂದು ಇನ್ನೂ ದೊಡ್ಡ ಬೋರ್ಡು ನೆಟ್ಟೆ. ಮಾರೆಕ್ ಒಂದು ಬೆಳಗ್ಗೆ ಎರಡೂ ಬೋರ್ಡು ನೋಡಿ ಕೇಳಿದ: ‘ಈ ಲೋಕ ಪೂರ್ತಿ ಖಾಲಿ ಬಿದ್ದಿದೆ. ನಾನು ಹನ್ನೊಂದು ದಿನ ನಡೆದಿದ್ದೇನೆ, ಒಬ್ಬ ಮನುಷ್ಯನೂ ಸಿಗಲಿಲ್ಲ. ನಿಮ್ಮಿಬ್ಬರಿಗೂ ಈ ಒಂದೇ ಗುಂಡಿ ಯಾಕೆ ಬೇಕು?’ ಅವನಿಗೆ ಏನೆಂದು ಬಿಡಿಸಿ ಹೇಳಲಿ? ಅವಳು ನನ್ನ ಹೆಂಡತಿ ಎಂದು ಬರೆದೆ. ಓಹೋ ಎಂದು ಬರೆದು ಹೊರಟುಹೋದ. ಪೋಲೆಂಡಿನಲ್ಲೂ ಸಂಸಾರ ಇದೆ ಎಂದು ಆಗ ಗೊತ್ತಾಯಿತು.

ಕಡೆಗೆ ನಾನೇ ಪಂಚಾಯಿತಿ ಕರೆದೆ. ಭಾನುವಾರ ಪುಟ್ಟರಾಜು ಬಂದ. ಕಾಫಿ ಕುಡಿದು, ಕಂದಕದ ಉದ್ದಕ್ಕೂ ಓಡಾಡಿ ನೋಡಿ, ‘ಭಾವ, ಇದ್ರಲ್ಲಿ ಕಷ್ಟ ಏನೈತೆ? ಗೂಟದೊಳ್ಗಿದ್ರೆ ನಿಮ್ದು, ಒರ್ಗಿದ್ರೆ ಎಲ್ಲಾರ್ದು. ಗೂಟದ್ ಮ್ಯಾಲೆ ಒತ್ತಿ, ನಿಮ್ ಜಾಗ ಅಸ್ರಾಗಿ ತೋರುಸ್ತದೆ’ ಎಂದ. ‘ಯಾವ ಗೂಟವೂ ನನಗೆ ತೋರಿಸಬೇಕಾಗಿಲ್ಲ. ಅಳತೆ ನನ್ನ ಕಸುಬು’ ಎಂದು ನಾನು ಕುರ್ಚಿ ಎಳೆದುಕೊಂಡೆ. ಗೊಂಬೆಯನ್ನು ಗೂಟದಿಂದ ಗೂಟಕ್ಕೆ ಹೆಜ್ಜೆ ಎಣಿಸುತ್ತಾ ನಡೆಸಿದೆ. ನಲವತ್ತಕ್ಕೆ ಗೂಟ ಮುಗಿಯಿತು. ಕಂದಕದ ದಡ ಸಿಕ್ಕಿದ್ದು ಐವತ್ತೊಂದಕ್ಕೆ. ಎಲ್ಲೋ ತಪ್ಪಿತು ಎಂದು ಇನ್ನೊಂದು ಸಲ ಎಣಿಸಿದೆ. ಇನ್ನೊಂದು ಕಡೆಯಿಂದ ಎಣಿಸಿದೆ. ಹನ್ನೊಂದು ಹೆಜ್ಜೆ, ಕಂದಕ ಪೂರ್ತಿಯಾಗಿ, ನಾಲ್ಕು ಕಡೆಯೂ ಗೂಟದಿಂದಾಚೆ ಇತ್ತು. ತೋಡುವಾಗ, ಒಳಗೆ ತೋಡಿ ನಮ್ಮ ಜಾಗ ಯಾಕೆ ಹಾಳುಮಾಡಿಕೊಳ್ಳಬೇಕು, ಸ್ವಲ್ಪ ಆಚೆಗೆ ಹೋಗೋಣ ಎಂದು ಕೈ ತಾನಾಗಿಯೇ ಹೋಗಿತ್ತು. ಪಕ್ಕದಲ್ಲಿ ಯಾರೂ ಇರಲಿಲ್ಲ, ಮುಂದೆ ಹನ್ನೊಂದು ದಿನದ ದಾರಿ ಖಾಲಿಯಿತ್ತು, ಬೇಕಿದ್ದರೆ ಗೂಟವನ್ನೇ ದೂರ ಹೊಡೆದುಕೊಳ್ಳಬಹುದಿತ್ತು. ಆದರೂ ಒತ್ತುವರಿ ಮಾಡಿದ್ದೆ. ಬೇಲಿಯೇ ಎದ್ದು ಹೊಲ ಮೇಯ್ದದ್ದನ್ನು ಕಣ್ಣಾರೆ ಕಂಡೆ, ಆ ಬೇಲಿ ನಾನೇ.

‘ಏನಾಯ್ತು ಭಾವ?’ ಎಂದ ಪುಟ್ಟರಾಜು. ಸುಶೀಲ ಬಾಗಿಲಲ್ಲಿ ನಿಂತಿದ್ದಳು. ಇಬ್ಬರಿಗೂ ಎಣಿಕೆ ಕೇಳಿಸಿತ್ತು. ಬದು ಒತ್ತಿದವರಿಂದ ಇಪ್ಪತ್ತೆರಡು ವರ್ಷ ಕೇಳಿದ ಮಾತೇ ಆ ಹೊತ್ತಿಗೆ ನನ್ನ ಬಾಯಿಂದ ಬಂದದ್ದು ಕೇಳಿ ನಾನೇ ಬೆಚ್ಚಿದೆ: ‘ಮೊದಲಿನಿಂದಲೂ ಇದು ಇಲ್ಲೇ ಇರೋದು, ಬೇಕಿದ್ದರೆ ಊರವರನ್ನು ಕೇಳಿ!’ ಊರವರು ಎಂದರೆ ಮಾರೆಕ್ ಒಬ್ಬನೇ. ಸುಶೀಲ ನಗಲಿಲ್ಲ. ನಕ್ಕಿದ್ದರೆ ಜಗಳವಾಡಬಹುದಿತ್ತು. ಹತ್ತಿರ ಬಂದು, ‘ಓಗ್ಲಿ ಬುಡಿ. ತೋಡಿದ್ದು ನೀವೇ ಅಂತ ಬೋರ್ಡಲ್ಲಿ ಬರೀತೀನಿ. ನೀರು ಅರೀಲಿ’ ಎಂದಳು. ಮುಖ ತೊಳೆದು ಬರುತ್ತೇನೆ ಎಂದು ಪುಟ್ಟರಾಜುವಿಗೆ ಹೇಳಿ ಎದ್ದು ಬಚ್ಚಲಿಗೆ ಹೋದೆ.

ಆಮೇಲಿನದು ನಾಲೆಯ ಚರಿತ್ರೆ. ನೀರಿದೆ ಎಂಬ ಸುದ್ದಿ ಹಬ್ಬಿ ಎಲ್ಲೆಲ್ಲಿಂದಲೋ ಜನ ಬಂದು ಬಯಲಲ್ಲಿ ಗೂಟ ಹೊಡೆದರು. ಬಾಣದಾಟದಲ್ಲಿ ಅರವತ್ತು ಮೆಟ್ಟಿಲು ಹೇಳಿದಂತೆ ಕೇಳಿದ ಹೆಂಗಸು ಈಗ ಹೇಳುವ ಜಾಗಕ್ಕೆ ಬಂದು ಕುಳಿತಳು. ಯಾರಿಗೆ ಯಾವ ದಿನ ನೀರು ಎಂದು ಸರದಿ ಹಾಕಿದಳು. ಎಲ್ಲಿಗಾದರೂ ಹೋಗಬಹುದಾದ, ಏನಾದರೂ ಮಾಡಬಹುದಾದ ಆ ಲೋಕದಲ್ಲಿ ಜನ ತೂಬಿನ ಹತ್ತಿರ ಸಾಲಾಗಿ ನಿಂತು, ನಮ್ಮ ದಿನ ಯಾವುದಮ್ಮ ಎಂದು ನನ್ನ ಹೆಂಡತಿಯನ್ನು ಕೇಳುವುದನ್ನು ನಾನು ನೋಡಿದ್ದೇನೆ. ಮಾರೆಕನಿಗೆ ಬುಧವಾರ. ನನಗೆ, ಅದೂ ಕಂದಕ ತೋಡಿದ ಮರ್ಯಾದೆಗೆ, ಭಾನುವಾರ. ನಾನೂ ಗುಡಿಸಲಿನ ಮುಂದೆ ಒಂದು ಮಡಿ ಮಾಡಿ ನಾಟಿ ಹಾಕಿದೆ. ಹಾಕಿದ ಮೇಲೆ ಗೊತ್ತಾಯಿತು, ವಾರಕ್ಕೆ ಒಂದು ದಿನದ ನೀರು ಯಾವುದಕ್ಕೂ ಸಾಲದು.

ಇದನ್ನು ನಿಮ್ಮ ಹತ್ತಿರ ಮಾತ್ರ ಹೇಳುತ್ತಿದ್ದೇನೆ. ಒಂದು ಗುರುವಾರ ಬೆಳಗ್ಗೆ, ಯಾರೂ ಇಲ್ಲದ್ದು ನೋಡಿ, ತೂಬಿನ ಹಲಗೆಯನ್ನು ನಾಲ್ಕು ಬೆರಳು ಮೇಲಕ್ಕೆ ಎತ್ತಿದೆ. ಮಧ್ಯಾಹ್ನ ಅದು ಸುಶೀಲಳಿಗೆ ಗೊತ್ತಾಯಿತು. ಸಂಜೆ ಕಾಫಿ ಕೊಡುತ್ತಾ, ‘ಯಾರೋ ಸರದಿ ತಪ್ಪಿ ನೀರು ಬುಟ್ಕಂಡವ್ರೆ ಕಣ್ರೀ. ಯಾರಿರ್ಬೌದು?’ ಎಂದಳು. ‘ಆ ಮಾರೆಕ್ ಇರಬೇಕು. ನಿನ್ನೆ ಅವನ ದಿನ, ನೀರು ಸಾಲದೇ ಹೋಗಿರುತ್ತೆ’ ಎಂದೆ. ಕಾಫಿ ಚೆನ್ನಾಗಿತ್ತು. ಮರುದಿನ ಬೆಳಗ್ಗೆ ನಾನು ಹಲಗೆಯನ್ನು ಮತ್ತೆ ನಾಲ್ಕು ಬೆರಳು ಎತ್ತಿ ಬಂದಾಗ ಮಾರೆಕ್ ನನ್ನ ಗುಡಿಸಲಿನ ಮುಂದೆ ಕಾದು ನಿಂತಿದ್ದ. ಸುಶೀಲ ರಾತ್ರಿಯೇ ಕೂತು ಮುಂದಿನ ಎರಡು ವಾರದ ಅವನ ಸರದಿ ರದ್ದು ಮಾಡಿದ್ದಳು. ತಾನು ಹಲಗೆ ಮುಟ್ಟಲಿಲ್ಲವೆಂದೂ, ನಾನು ಅಳತೆಯ ಮನುಷ್ಯ, ನ್ಯಾಯ ಬಲ್ಲವನು, ನನ್ನ ಹೆಂಡತಿಗೆ ಒಂದು ಮಾತು ಹೇಳಬೇಕೆಂದೂ ಕೇಳಿಕೊಂಡ. ನಾನು ಬಹಳ ಯೋಚಿಸಿ, ಕಾಗುಣಿತ ತಪ್ಪದಂತೆ ಇಂಗ್ಲಿಷಿನಲ್ಲಿ ಬರೆದೆ: ‘ನೋಡು ಮಾರೆಕ್, ಲೋಕ ಎಂದ ಮೇಲೆ ಒಂದು ಕಟ್ಟುಪಾಡು ಇರಬೇಕು. ಅವರವರು ಅವರವರ ಇಷ್ಟ ಬಂದಂತೆ ನಡೆದರೆ ಹೇಗೆ?’ ಬರೆದು ಮುಗಿಸುವಷ್ಟರಲ್ಲಿ ನನ್ನ ಮಡಿಗೆ ನೀರು ತುಂಬಿತ್ತು.